ಜೇಮ್ಸ್ ನೈಸ್ಮಿತ್

ಜೇಮ್ಸ್ ನೈಸ್ಮಿತ್ (ನವೆಂಬರ್ 6, 1861 – ನವೆಂಬರ್ 28, 1939) ಅವರು ಬಾಸ್ಕೆಟ್‌ಬಾಲ್ ಕ್ರೀಡೆಯನ್ನು ರೂಪಿಸಿದ ದೈಹಿಕ ಶಿಕ್ಷಣ ತಜ್ಞರು. ವೈದ್ಯಕೀಯ ಪದವೀಧರರೂ ಪ್ರೆಸ್ಬಿಟೇರಿಯನ್ ಪಂಥದ ಧರ್ಮಬೋಧಕರೂ ಆಗಿದ್ದ ಇವರು ಕೆನಡಾದಲ್ಲಿ ಜನಿಸಿ, ವೃತ್ತಿಜೀವನದ ಬಹುಭಾಗವನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಳೆದು, 1925ರಲ್ಲಿ ಅಮೆರಿಕದ ಪೌರತ್ವವನ್ನು ಪಡೆದರು. ಅಮೆರಿಕದ ಇತರ ಪ್ರಮುಖ ಕ್ರೀಡೆಗಳಾದ ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಇಂಗ್ಲೆಂಡಿನ ಹಳೆಯ ಆಟಗಳಿಂದ ಕ್ರಮೇಣ ಬೆಳೆದು ಬಂದಂಥವು. ಬಾಸ್ಕೆಟ್‌ಬಾಲ್ ಮಾತ್ರ 1891ರ ಡಿಸೆಂಬರ್‌ನಲ್ಲಿ ಒಬ್ಬ ಶಿಕ್ಷಕರು ತಮ್ಮ ತರಗತಿಯ ಅಗತ್ಯಕ್ಕಾಗಿ ಬರೆದ 13 ನಿಯಮಗಳಿಂದ ಹುಟ್ಟಿದ ಆಟ. ಯುವಕರ ಶೀಲವನ್ನು ತಿದ್ದುವ ಸಾಧನವೆಂದು ನೈಸ್ಮಿತ್ ಅವರು ಭಾವಿಸಿದ್ದ ಈ ಆಟವು ಅವರ ಜೀವಿತಕಾಲದಲ್ಲಿಯೇ ಹಣ, ಗೆಲುವು ಮತ್ತು ವರ್ಣಭೇದದ ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಜನನ ಮತ್ತು ಬಾಲ್ಯ

ನೈಸ್ಮಿತ್ ಅವರು ಈಗಿನ ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ತಂದೆ ಜಾನ್ ನೈಸ್ಮಿತ್ ಮತ್ತು ತಾಯಿ ಮಾರ್ಗರೆಟ್ ಯಂಗ್ ಸ್ಕಾಟಿಷ್ ಮೂಲದವರು. 1870ರಲ್ಲಿ ತಂದೆಯು ಆಟವಾ ನದಿಯ ದ್ವೀಪವೊಂದರಲ್ಲಿ ಮರ ಕೊಯ್ಯುವ ಕಾರ್ಖಾನೆಯ ಕೆಲಸದಲ್ಲಿದ್ದಾಗ ವಿಷಮಶೀತ ಜ್ವರ ತಗುಲಿ ಮೃತಪಟ್ಟರು. ಕೆಲವೇ ವಾರಗಳಲ್ಲಿ ಅದೇ ಜ್ವರಕ್ಕೆ ತಾಯಿಯೂ ಬಲಿಯಾದರು. ತಾಯಿ ತೀರಿಕೊಂಡ ದಿನ ಬಾಲಕನಿಗೆ ಸರಿಯಾಗಿ 9 ವರ್ಷ ತುಂಬಿತ್ತು. ಅಕ್ಕ ಆನಿ ಮತ್ತು ತಮ್ಮ ರಾಬಿಯೊಂದಿಗೆ ಜೇಮ್ಸ್ ಸೋದರಮಾವ ಪೀಟರ್ ಯಂಗ್ ಅವರ ಆಶ್ರಯದಲ್ಲಿ ಬೆಳೆದರು. ಅವಿವಾಹಿತರಾಗಿದ್ದ ಸೋದರಮಾವ ಕಟ್ಟುನಿಟ್ಟಿನ ಮನುಷ್ಯ. ಹೊಲದ ಕೆಲಸ, ಕುದುರೆಗಳ ಪಾಲನೆ, ಚಳಿಗಾಲದಲ್ಲಿ ಕಾಡಿನಿಂದ ಮರ ತರುವುದು ಇವೆಲ್ಲ ಚಿಕ್ಕ ವಯಸ್ಸಿನಲ್ಲಿಯೇ ಹುಡುಗನ ಪಾಲಿಗೆ ಬಂದವು.

ಊರಿನ ಕಮ್ಮಾರಸಾಲೆಯ ಬಳಿ ಮಕ್ಕಳು ಆಡುತ್ತಿದ್ದ ಒಂದು ಆಟವು ಮುಂದೆ ಮಹತ್ವ ಪಡೆಯಿತು. ದೊಡ್ಡ ಬಂಡೆಯ ಮೇಲೆ ಮುಷ್ಟಿಗಾತ್ರದ ಕಲ್ಲೊಂದನ್ನು ಇಟ್ಟು ಒಬ್ಬನು ಅದನ್ನು ಕಾಯುತ್ತಿದ್ದನು. ಉಳಿದವರು ದೂರದ ಗೆರೆಯಿಂದ ತಮ್ಮ ಕಲ್ಲುಗಳನ್ನೆಸೆದು ಅದನ್ನು ಉರುಳಿಸಬೇಕಾಗಿತ್ತು. ನಮ್ಮ ಲಗೋರಿಯನ್ನು ಬಲ್ಲವರಿಗೆ ಈ ಆಟದ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ಬಲವಾಗಿ ನೇರಕ್ಕೆ ಎಸೆದ ಕಲ್ಲು ಗುರಿ ತಪ್ಪಿದರೆ ಬಹುದೂರ ಹೋಗಿ ಬೀಳುತ್ತಿತ್ತು, ಅದನ್ನು ಎತ್ತಿಕೊಂಡು ಹಿಂದಿರುಗುವಷ್ಟರಲ್ಲಿ ಕಾಯುವವನು ಹಿಡಿದುಬಿಡುತ್ತಿದ್ದನು. ಕಮಾನಿನಂತೆ ಮೇಲಕ್ಕೆ ಎತ್ತಿ ಹದವಾಗಿ ಎಸೆದವನೇ ಜಾಣ. ಬಲಕ್ಕಿಂತ ಹದಕ್ಕೆ ಬೆಲೆ ಕೊಡುವ ಈ ಎಸೆತವನ್ನು ನೈಸ್ಮಿತ್ ಅವರು ಇಪ್ಪತ್ತು ವರ್ಷಗಳ ನಂತರ ನೆನಪಿಗೆ ತಂದುಕೊಂಡರು.

ವಿದ್ಯಾಭ್ಯಾಸ

ಪ್ರೌಢಶಾಲೆಯನ್ನು ಅರ್ಧಕ್ಕೆ ಬಿಟ್ಟ ನೈಸ್ಮಿತ್ ಕೆಲವು ವರ್ಷ ಮರ ಕಡಿಯುವ ಕೂಲಿಗಳೊಂದಿಗೆ ದುಡಿದರು. ಬಳಿಕ ತಮಗಿಂತ ಕಿರಿಯರೊಂದಿಗೆ ಕುಳಿತು ಶಾಲೆಯನ್ನು ಮುಗಿಸಿ, 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯವನ್ನು ಸೇರಿದರು. ಪದವಿಯ ನಂತರ ಅದೇ ನಗರದ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ 1890ರಲ್ಲಿ ಪೂರೈಸಿದರು. ಇದೇ ಅವಧಿಯಲ್ಲಿ ಅವರು ರಗ್ಬಿ, ಲಕ್ರಾಸ್ ಮತ್ತು ಅಂಗಸಾಧನೆಗಳಲ್ಲಿ ಹೆಸರು ಗಳಿಸಿದ್ದರು ಮತ್ತು ಮೆಕ್‌ಗಿಲ್‌ನಲ್ಲಿ ವ್ಯಾಯಾಮ ಶಿಕ್ಷಕರಾಗಿಯೂ ಕೆಲಸ ಮಾಡಿದರು.

ಆ ಕಾಲದ ಧಾರ್ಮಿಕ ವಲಯಗಳಲ್ಲಿ ಮೈದಾನದ ಆಟಗಳನ್ನು ಒರಟರ ಕಾಲಹರಣವೆಂದು ಕಾಣುವವರು ಬಹಳ ಮಂದಿ ಇದ್ದರು. ಧರ್ಮಬೋಧೆಗೆ ಸಿದ್ಧನಾಗುತ್ತಿರುವ ವಿದ್ಯಾರ್ಥಿಯು ಕಣ್ಣ ಸುತ್ತ ಕಪ್ಪುಗಟ್ಟಿದ ಗಾಯಗಳೊಂದಿಗೆ ವೇದಿಕೆಯೇರುವುದು ಸಹಪಾಠಿಗಳಿಗೂ ಹಿರಿಯರಿಗೂ ಹಿಡಿಸಲಿಲ್ಲ. ಒಮ್ಮೆ ಪಂದ್ಯದ ನಡುವೆ ಬಿರುಸಿನಲ್ಲಿ ಹೊಲಸು ಮಾತಾಡಿದ ಜೊತೆಯಾಟಗಾರನೊಬ್ಬನು ಪಕ್ಕದಲ್ಲಿ ನೈಸ್ಮಿತ್ ಇರುವುದನ್ನು ಕಂಡು ನಾಚಿ ಕ್ಷಮೆ ಕೇಳಿದನು. ತಾವು ಏನನ್ನೂ ಬೋಧಿಸದೆ ಬರಿದೆ ಜೊತೆಗೆ ಆಡುತ್ತಿದ್ದುದೇ ಆತನ ನಡತೆಯ ಮೇಲೆ ಪರಿಣಾಮ ಬೀರಿದ್ದನ್ನು ಗಮನಿಸಿದ ನೈಸ್ಮಿತ್ ಅವರಿಗೆ, ಚರ್ಚಿನ ವೇದಿಕೆಗಿಂತ ಮೈದಾನವೇ ತಮ್ಮ ಕಾರ್ಯಕ್ಷೇತ್ರವೆಂಬ ಯೋಚನೆ ಬಲವಾಯಿತು. 1890ರಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಕ್ರೈಸ್ತ ಯುವಕರ ಸಂಘದ, ಅಂದರೆ ವೈಎಂಸಿಎಯ, ತರಬೇತಿ ಶಾಲೆಯನ್ನು ಸೇರಿದರು.

ಹಿನ್ನೆಲೆ

ಅಮೆರಿಕದ ಅಂತರ್ಯುದ್ಧದ ನಂತರದ ದಶಕಗಳಲ್ಲಿ ಹಳ್ಳಿಗಳನ್ನು ಬಿಟ್ಟ ಯುವಕರು ಕಾರ್ಖಾನೆಗಳ ನಗರಗಳಲ್ಲಿ ಬಂದು ತುಂಬಿಕೊಂಡರು. ಕಚೇರಿ ಮತ್ತು ಯಂತ್ರಗಳ ನಡುವೆ ದಿನವಿಡೀ ಕೆಲಸ ಮಾಡುವ ಇವರ ದೇಹ ಮತ್ತು ನಡತೆ ಎರಡೂ ಕೆಡುತ್ತವೆಂಬ ಆತಂಕ ಸುಧಾರಕರಲ್ಲಿತ್ತು. ದೇಹದ ಬಲವನ್ನು ಧರ್ಮನಿಷ್ಠೆಯೊಡನೆ ಬೆಸೆಯಬೇಕೆಂಬ ಚಿಂತನೆಯು ವೈಎಂಸಿಎ ಮೂಲಕ ನಗರನಗರಗಳಲ್ಲಿ ವ್ಯಾಯಾಮಶಾಲೆಗಳ ರೂಪ ತಾಳಿತು. ಬೇಸಿಗೆಯಲ್ಲಿ ಬೇಸ್‌ಬಾಲ್, ಶರತ್ಕಾಲದಲ್ಲಿ ಫುಟ್‌ಬಾಲ್ ಇದ್ದವು. ಹಿಮ ಬೀಳುವ ತಿಂಗಳುಗಳಲ್ಲಿ ಮಾತ್ರ ಒಳಾಂಗಣದ ಕವಾಯತು, ಡಂಬೆಲ್ಸ್ ಮತ್ತು ಅಂಗಸಾಧನೆಗಳನ್ನು ಬಿಟ್ಟರೆ ಬೇರೆ ಚಟುವಟಿಕೆ ಇರಲಿಲ್ಲ. ಯುವಕರು ಇವುಗಳಿಂದ ಬೇಸತ್ತು ಸದಸ್ಯತ್ವವನ್ನೇ ಬಿಡುತ್ತಿದ್ದರು. ಬಾಸ್ಕೆಟ್‌ಬಾಲ್ ಹುಟ್ಟಿದ್ದು ಈ ಕೊರತೆಯನ್ನು ತುಂಬಲು.

ಬಾಸ್ಕೆಟ್‌ಬಾಲ್‌ನ ಉಗಮ

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದವರು ಲೂಥರ್ ಹಾಲ್ಸಿ ಗುಲಿಕ್. 1891ರ ಚಳಿಗಾಲದಲ್ಲಿ ಅಲ್ಲಿನ 18 ವಿದ್ಯಾರ್ಥಿಗಳ ತರಗತಿಯೊಂದು ಶಿಕ್ಷಕರಿಗೆ ತಲೆನೋವಾಗಿತ್ತು. ಇವರೆಲ್ಲ ಮುಂದೆ ವೈಎಂಸಿಎ ಕಾರ್ಯದರ್ಶಿಗಳಾಗಲಿದ್ದ ಪ್ರೌಢರು. ಕವಾಯತಿನಲ್ಲಿ ಅವರಿಗೆ ಲವಲೇಶವೂ ಆಸಕ್ತಿಯಿರಲಿಲ್ಲ, ಮತ್ತು ಇಬ್ಬರು ಶಿಕ್ಷಕರು ಆಗಲೇ ಸೋತು ಕೈಚೆಲ್ಲಿದ್ದರು. ಗುಲಿಕ್ ಆ ತರಗತಿಯನ್ನು ನೈಸ್ಮಿತ್ ಅವರಿಗೆ ಒಪ್ಪಿಸಿ, ಒಳಾಂಗಣಕ್ಕೆ ಹೊಂದುವ ಹೊಸ ಆಟವನ್ನು ಕಂಡುಹಿಡಿಯಲು ಎರಡು ವಾರಗಳ ಗಡುವು ನೀಡಿದರು.

ನೈಸ್ಮಿತ್ ಅವರು ಮೊದಲು ಹೊರಾಂಗಣದ ಆಟಗಳನ್ನೇ ಒಳಗೆ ತರಲು ಯತ್ನಿಸಿದರು. ಫುಟ್‌ಬಾಲ್ ಆಡಿಸಿದರೆ ಗಟ್ಟಿನೆಲದ ಮೇಲೆ ಕೈಕಾಲು ಮುರಿಯುವ ಅಪಾಯವಿತ್ತು. ಕಾಲ್ಚೆಂಡಿಗೆ ಕಿಟಕಿಯ ಗಾಜುಗಳು ಉಳಿಯುವಂತಿರಲಿಲ್ಲ. ಲಕ್ರಾಸ್ ಕೋಲುಗಳಿಗೆ ಆ ಕೋಣೆ ಸಾಲದು. ಗಡುವು ಮುಗಿಯುತ್ತ ಬಂದಾಗ ಅವರು ಆಟಗಳನ್ನು ಅನುಕರಿಸುವುದನ್ನು ಬಿಟ್ಟು, ಒರಟುತನ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಚೆಂಡನ್ನು ಹಿಡಿದು ಓಡುವವನನ್ನು ತಡೆಯಲು ಎದುರಾಳಿಯು ಅವನನ್ನು ಕೆಡವಬೇಕಾಗುತ್ತದೆ. ಆದುದರಿಂದ ಚೆಂಡು ಹಿಡಿದವನು ಓಡಲೇಬಾರದು, ನಿಂತಲ್ಲಿಂದಲೇ ಅದನ್ನು ಎಸೆಯಬೇಕು ಎಂದು ತೀರ್ಮಾನಿಸಿದರು. ಗುರಿಯು ನೆಲಮಟ್ಟದಲ್ಲಿ ನೆಟ್ಟಗೆ ನಿಂತಿದ್ದರೆ ಆಟಗಾರರು ಬಲವಾಗಿ ಹೊಡೆಯುತ್ತಾರೆ ಮತ್ತು ಕಾಯುವವರು ಅದರ ಮುಂದೆ ಗುಂಪುಗಟ್ಟುತ್ತಾರೆ. ಗುರಿಯನ್ನು ಅಡ್ಡಲಾಗಿ ತಲೆಯ ಮೇಲಿನ ಎತ್ತರಕ್ಕೆ ಏರಿಸಿದರೆ ಚೆಂಡನ್ನು ಕಮಾನಿನಂತೆ ಎಸೆಯುವುದು ಅನಿವಾರ್ಯವಾಗುತ್ತದೆ. ಬಾಲ್ಯದಲ್ಲಿ ಕಮ್ಮಾರಸಾಲೆಯ ಬಳಿ ಆಡಿದ ಕಲ್ಲಿನಾಟವು ಇಲ್ಲಿ ಅವರ ನೆರವಿಗೆ ಬಂದಿತು.

1891ರ ಡಿಸೆಂಬರ್ 21ರಂದು ಮೊದಲ ಆಟ ನಡೆಯಿತು. ಗುರಿಗಾಗಿ 18 ಅಂಗುಲದ ಎರಡು ಪೆಟ್ಟಿಗೆಗಳು ಬೇಕೆಂದು ಕೇಳಿದಾಗ, ಕಟ್ಟಡದ ಮೇಲ್ವಿಚಾರಕನಾಗಿದ್ದ ಸ್ಟೆಬಿನ್ಸ್ ಎಂಬಾತನಲ್ಲಿ ಪೆಟ್ಟಿಗೆಗಳಿರಲಿಲ್ಲ. ಆತ ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ತಂದುಕೊಟ್ಟನು. ಅವುಗಳನ್ನು ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಾಂಜನಕ್ಕೆ ಮೊಳೆ ಹೊಡೆದು ಕೂರಿಸಲಾಯಿತು. ಆ ಕಟಾಂಜನವು ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನಾದ್ಯಂತ ಬಾಸ್ಕೆಟ್‌ಬಾಲ್ ಬಳೆಯ ಎತ್ತರವು 10 ಅಡಿಯೇ ಆಗಿದೆ. ಬೆರಳಚ್ಚು ಮಾಡಿಸಿದ 13 ನಿಯಮಗಳ ಎರಡು ಹಾಳೆಗಳನ್ನು ಸೂಚನಾ ಫಲಕಕ್ಕೆ ಚುಚ್ಚಿ, ತಂಡಕ್ಕೆ 9 ಜನರಂತೆ ತರಗತಿಯನ್ನು ಇಬ್ಭಾಗ ಮಾಡಿ, ಕಾಲ್ಚೆಂಡನ್ನೇ ಬಳಸಿ ಆಡಿಸಲಾಯಿತು. ವಿಲಿಯಂ ಚೇಸ್ ಎಂಬ ವಿದ್ಯಾರ್ಥಿಯು ದೂರದಿಂದ ಎಸೆದು ಗಳಿಸಿದ ಒಂದೇ ಅಂಕದಿಂದ ಆ ಆಟ 1–0 ಅಂತರದಲ್ಲಿ ಮುಗಿಯಿತು.

ನಿಯಮಗಳ ಪ್ರಕಾರ ಚೆಂಡನ್ನು ಒಂದು ಅಥವಾ ಎರಡೂ ಕೈಗಳಿಂದ ಯಾವ ದಿಕ್ಕಿಗಾದರೂ ಎಸೆಯಬಹುದಿತ್ತು, ಮುಷ್ಟಿಯಿಂದ ಗುದ್ದುವಂತಿರಲಿಲ್ಲ. ಎದುರಾಳಿಯನ್ನು ಭುಜದಿಂದ ತಳ್ಳುವುದು, ಹಿಡಿಯುವುದು, ಕಾಲು ಕೊಟ್ಟು ಬೀಳಿಸುವುದು, ಹೊಡೆಯುವುದು ತಪ್ಪುಗಳೆನಿಸಿದ್ದವು. ಎರಡನೆಯ ತಪ್ಪು ಮಾಡಿದವನು ಮುಂದಿನ ಗೋಲಿನವರೆಗೆ ಹೊರಗುಳಿಯಬೇಕಾಗಿತ್ತು. ಒಂದು ತಂಡವು ಸತತವಾಗಿ ಮೂರು ತಪ್ಪುಗಳನ್ನೆಸಗಿದರೆ ಎದುರಾಳಿಗಳಿಗೆ ಒಂದು ಗೋಲು ದೊರೆಯುತ್ತಿತ್ತು. ಆಟದ ಅವಧಿ 15 ನಿಮಿಷಗಳ ಎರಡು ಭಾಗಗಳು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವ ಪದ್ಧತಿ ಈ ನಿಯಮಗಳಲ್ಲಿ ಇಲ್ಲ, ಅದು ಆಟಗಾರರೇ ಮುಂದೆ ಕಂಡುಕೊಂಡ ಉಪಾಯ. ಫ್ರಾಂಕ್ ಮಹಾನ್ ಎಂಬ ವಿದ್ಯಾರ್ಥಿಯು ಈ ಆಟಕ್ಕೆ ನೈಸ್ಮಿತ್ ಅವರ ಹೆಸರನ್ನೇ ಇಡಬೇಕೆಂದಾಗ ಅವರು ನಕ್ಕು ನಿರಾಕರಿಸಿದರು. ಬುಟ್ಟಿ ಮತ್ತು ಚೆಂಡು ಇರುವುದರಿಂದ ಬಾಸ್ಕೆಟ್‌ಬಾಲ್ ಎಂಬ ಹೆಸರನ್ನು ಸೂಚಿಸಿದವನೂ ಅದೇ ವಿದ್ಯಾರ್ಥಿ.

ಆಟದ ಪ್ರಸಾರ

1892ರ ಜನವರಿಯಲ್ಲಿ ನಿಯಮಗಳು ತರಬೇತಿ ಶಾಲೆಯ ಪತ್ರಿಕೆಯಲ್ಲಿ ಪ್ರಕಟವಾಗಿ ವೈಎಂಸಿಎ ಶಾಖೆಗಳಿಗೆಲ್ಲ ತಲುಪಿದವು. ಮಾರ್ಚ್ 11ರಂದು ವಿದ್ಯಾರ್ಥಿಗಳು ಮತ್ತು ಶಿಕ್ಷಕರ ನಡುವೆ ನಡೆದ ಮೊದಲ ಸಾರ್ವಜನಿಕ ಪಂದ್ಯವನ್ನು ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಶಿಕ್ಷಕರ ಏಕೈಕ ಅಂಕವನ್ನು ಗಳಿಸಿದವರು ಮುಂದೆ ಅಮೆರಿಕನ್ ಫುಟ್‌ಬಾಲ್‌ನ ಪ್ರಸಿದ್ಧ ತರಬೇತುದಾರರಾದ ಅಮೋಸ್ ಅಲೊಂಜೊ ಸ್ಟ್ಯಾಗ್.

ಮಹಿಳೆಯರಿಗೆ ಈ ಆಟವು ಆರಂಭದಲ್ಲಿಯೇ ದೊರೆತದ್ದು ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಗಮನಾರ್ಹ ಸಂಗತಿ. ಸಮೀಪದ ಶಾಲೆಯೊಂದರ ಶಿಕ್ಷಕಿಯರು ಮಧ್ಯಾಹ್ನದ ವೇಳೆ ಆಟವನ್ನು ನೋಡಲು ಬಂದು, ತಮಗೂ ಕಲಿಸುವಂತೆ ಕೇಳಿದರು. ನೈಸ್ಮಿತ್ ಅವರು ಹಿಂಜರಿಯದೆ ಒಪ್ಪಿದರು. ಹೀಗೆ ಕಲಿತವರಲ್ಲಿ ಒಬ್ಬರಾದ ಮಾಡ್ ಶೆರ್ಮನ್ ಅವರನ್ನೇ ಅವರು 1894ರಲ್ಲಿ ವಿವಾಹವಾದರು. ದಂಪತಿಗಳಿಗೆ ಐವರು ಮಕ್ಕಳು. ಸಮೀಪದ ಸ್ಮಿತ್ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್‌ಸನ್ ಅವರು ಅಂಕಣವನ್ನು ಮೂರು ಭಾಗಗಳಾಗಿ ವಿಂಗಡಿಸಿ ಮಹಿಳೆಯರಿಗೆಂದು ನಿಯಮಗಳನ್ನು ಮಾರ್ಪಡಿಸಿದರು. 1893ರಲ್ಲಿ ಅಲ್ಲಿ ನಡೆದ ಪಂದ್ಯಕ್ಕೆ ಪುರುಷ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ವಿದ್ಯಾರ್ಥಿನಿಯರು ಬೆವರು ಸುರಿಸಿ ಓಡುವುದನ್ನು ಪರಪುರುಷರು ನೋಡಬಾರದೆಂಬುದು ಅಂದಿನ ಮರ್ಯಾದೆ.

ಬುಟ್ಟಿಯ ತಳ ಮುಚ್ಚಿದ್ದುದರಿಂದ ಪ್ರತಿ ಗೋಲಿನ ನಂತರವೂ ಚೆಂಡನ್ನು ಮೇಲಿನಿಂದ ತೆಗೆಯಬೇಕಾಗುತ್ತಿತ್ತು; ಕೆಲವೇ ವರ್ಷಗಳಲ್ಲಿ ಕಬ್ಬಿಣದ ಬಳೆ ಮತ್ತು ಬಲೆ ಬಂದವು. ಉಪ್ಪರಿಗೆಯಲ್ಲಿ ಕುಳಿತ ಪ್ರೇಕ್ಷಕರು ಕೈಚಾಚಿ ಎದುರಾಳಿಗಳ ಚೆಂಡನ್ನು ತಳ್ಳಿಬಿಡುತ್ತಿದ್ದರು. ಅದನ್ನು ತಡೆಯಲು ಬಳೆಯ ಹಿಂದೆ ಹಲಗೆ ಕಟ್ಟಲಾಯಿತು. ಈಗ ಆಟದ ಅವಿಭಾಜ್ಯ ಅಂಗವಾಗಿರುವ ಈ ಹಲಗೆಯು ಪ್ರೇಕ್ಷಕರ ಚೇಷ್ಟೆಯ ಫಲ ಎಂಬುದನ್ನು ಬಹಳ ಜನ ಅರಿಯರು. ಒರಟುತನವೂ ಹಿಂದೆಯೇ ಬಂದಿತು. 1896ರ ವೇಳೆಗೆ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಹಣಕ್ಕಾಗಿ ಆಡುವ ತಂಡ ಹುಟ್ಟಿಕೊಂಡಿತ್ತು.

ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ

1895ರಲ್ಲಿ ನೈಸ್ಮಿತ್ ಅವರು ಡೆನ್ವರ್ ನಗರದ ವೈಎಂಸಿಎಗೆ ತೆರಳಿ, ಅಲ್ಲಿ ಕೆಲಸ ಮಾಡುತ್ತಲೇ 1898ರಲ್ಲಿ ವೈದ್ಯಕೀಯ ಪದವಿಯನ್ನು ಪಡೆದರು. ಅದೇ ವರ್ಷ ಲಾರೆನ್ಸ್ ಪಟ್ಟಣದ ಕಾನ್ಸಾಸ್ ವಿಶ್ವವಿದ್ಯಾಲಯವು ಅವರನ್ನು ಪ್ರಾರ್ಥನಾಮಂದಿರದ ನಿರ್ದೇಶಕರನ್ನಾಗಿಯೂ ದೈಹಿಕ ಶಿಕ್ಷಣದ ಮುಖ್ಯಸ್ಥರನ್ನಾಗಿಯೂ ನೇಮಿಸಿಕೊಂಡಿತು. ವಿಶ್ವವಿದ್ಯಾಲಯದ ತಂಡವು 1899ರ ಫೆಬ್ರವರಿ 3ರಂದು ಆಡಿದ ಮೊದಲ ಪಂದ್ಯದಲ್ಲಿ ಕಾನ್ಸಾಸ್ ಸಿಟಿ ವೈಎಂಸಿಎ ಎದುರು 16–5ರಿಂದ ಸೋತಿತು. 1907ರವರೆಗಿನ ಅವರ ಅವಧಿಯಲ್ಲಿ ತಂಡವು 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿದೆ. ಆಟವನ್ನು ಸೃಷ್ಟಿಸಿದವರೇ ಆ ವಿಶ್ವವಿದ್ಯಾಲಯದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವ ಏಕೈಕ ವ್ಯಕ್ತಿ ಎಂಬ ಮಾತನ್ನು ವಿನೋದಕ್ಕಾಗಿ ಹೇಳುವುದುಂಟು. ವಾಸ್ತವವಾಗಿ ನೈಸ್ಮಿತ್ ಅವರು ಅಂಕಪಟ್ಟಿಗೆ ಹೆಚ್ಚಿನ ಬೆಲೆ ಕೊಟ್ಟವರಲ್ಲ. ಕೆಲವು ಪಂದ್ಯಗಳಲ್ಲಿ ಅವರು ತೀರ್ಪುಗಾರರಾಗಿಯೂ ಇರುತ್ತಿದ್ದರು.

ಅವರ ಶಿಷ್ಯ ಫಾರೆಸ್ಟ್ ಅಲೆನ್ ತರಬೇತುದಾರನ ಹುದ್ದೆಯನ್ನು ಸ್ವೀಕರಿಸಲು ಹೊರಟಾಗ, ಬಾಸ್ಕೆಟ್‌ಬಾಲ್ ಆಡುವ ಆಟವೇ ಹೊರತು ತರಬೇತು ನೀಡುವಂಥದ್ದಲ್ಲ ಎಂದು ನೈಸ್ಮಿತ್ ನಗೆಯಾಡಿದ್ದರು. ಅಲೆನ್ ಅವರೇ 1907ರಲ್ಲಿ ಗುರುವಿನ ಸ್ಥಾನಕ್ಕೆ ಬಂದು, ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ತರಬೇತುದಾರನೆಂಬ ವೃತ್ತಿಯನ್ನು ಕಟ್ಟಿದವರಲ್ಲಿ ಅಗ್ರಗಣ್ಯರೆನಿಸಿದರು. ಗುರುಶಿಷ್ಯರ ನಡುವಿನ ಈ ಭಿನ್ನಾಭಿಪ್ರಾಯವು ಅಮೆರಿಕದ ಕ್ರೀಡೆ ಹಿಡಿಯುತ್ತಿದ್ದ ಹಾದಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ: ವಿಶ್ವವಿದ್ಯಾಲಯಗಳ ಪಂದ್ಯಗಳು ಸಾವಿರಾರು ಪ್ರೇಕ್ಷಕರನ್ನು ಸೆಳೆಯುವ ಪ್ರದರ್ಶನಗಳಾಗುತ್ತಿದ್ದವು, ನೈಸ್ಮಿತ್ ಅವರಿಗೆ ಮಾತ್ರ ಪ್ರತಿಯೊಬ್ಬ ವಿದ್ಯಾರ್ಥಿಯೂ ಆಡುವುದು ಮುಖ್ಯವಾಗಿತ್ತು. ಅವರು ಹೊಸ ವಿದ್ಯಾರ್ಥಿಗಳ ದೇಹಪರೀಕ್ಷೆ ನಡೆಸಿ ಅಳತೆಗಳನ್ನು ದಾಖಲಿಸುತ್ತಿದ್ದರು, ಕತ್ತಿವರಸೆ ಕಲಿಸುತ್ತಿದ್ದರು, ಆರೋಗ್ಯದ ಪಾಠಗಳನ್ನು ಹೇಳುತ್ತಿದ್ದರು. ಆಟಕ್ಕೆ ಹಕ್ಕುಸ್ವಾಮ್ಯವನ್ನು ಪಡೆಯಲಿಲ್ಲ ಮತ್ತು ಅದರಿಂದ ಸಂಪತ್ತು ಗಳಿಸಲಿಲ್ಲ.

1916ರಲ್ಲಿ ಅವರು ಸೇನಾ ಧರ್ಮಬೋಧಕರಾಗಿ ಕಾನ್ಸಾಸ್ ಪಡೆಯೊಂದಿಗೆ ಮೆಕ್ಸಿಕೊ ಗಡಿಗೆ ಹೋದರು. ಮೊದಲ ಮಹಾಯುದ್ಧದ ಕಾಲದಲ್ಲಿ ವೈಎಂಸಿಎ ಪರವಾಗಿ ಫ್ರಾನ್ಸ್‌ನಲ್ಲಿ ಸೈನಿಕರ ನಡುವೆ ಸೇವೆ ಸಲ್ಲಿಸಿ, 1919ರಲ್ಲಿ ಲಾರೆನ್ಸ್‌ಗೆ ಮರಳಿದರು.

ವರ್ಣಭೇದ ಮತ್ತು ಜಾನ್ ಮೆಕ್‌ಲೆಂಡನ್

ಬಾಸ್ಕೆಟ್‌ಬಾಲ್ ಬೆಳೆದ ಕಾಲವು ಅಮೆರಿಕದಲ್ಲಿ ಕರಿಯರನ್ನು ಪ್ರತ್ಯೇಕವಾಗಿಡುವ ಕಾನೂನು ಮತ್ತು ರೂಢಿಗಳು ಬಲಗೊಂಡ ಕಾಲವೂ ಹೌದು. ವೈಎಂಸಿಎ ಶಾಖೆಗಳೇ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ ಇದ್ದವು. 1904ರಲ್ಲಿ ಈ ಆಟವನ್ನು ಕಲಿತ ಎಡ್ವಿನ್ ಹೆಂಡರ್ಸನ್ ಎಂಬ ಶಿಕ್ಷಕರು ವಾಷಿಂಗ್ಟನ್ ನಗರದ ಕರಿಯ ವಿದ್ಯಾರ್ಥಿಗಳಲ್ಲಿ ಅದನ್ನು ಹರಡಿದರು. 1923ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಆರಂಭವಾದ ರೆನೇಸಾನ್ಸ್ ತಂಡವು ದೇಶದ ಶ್ರೇಷ್ಠ ವೃತ್ತಿಪರ ತಂಡಗಳಲ್ಲಿ ಒಂದಾಗಿ ಬೆಳೆಯಿತು. ಅದರ ಆಟಗಾರರಿಗೆ ಪಂದ್ಯ ಗೆದ್ದ ಊರಿನಲ್ಲಿಯೇ ಊಟ ವಸತಿಗಳು ಸಿಗದ ಸಂದರ್ಭಗಳಿದ್ದವು. ನೈಸ್ಮಿತ್ ಅವರ ಕಾನ್ಸಾಸ್ ವಿಶ್ವವಿದ್ಯಾಲಯವೂ ಇದಕ್ಕೆ ಹೊರತಾಗಿರಲಿಲ್ಲ. ಅಲ್ಲಿ ಕರಿಯರಿಗೆ ಪ್ರವೇಶವಿತ್ತು, ಆದರೆ ಬಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನವಿರಲಿಲ್ಲ.

1933ರಲ್ಲಿ ಕಾನ್ಸಾಸ್ ಸಿಟಿಯ ಜಾನ್ ಮೆಕ್‌ಲೆಂಡನ್ ಎಂಬ ಕರಿಯ ತರುಣ ಆ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗವನ್ನು ಸೇರಿದನು. ಬಾಸ್ಕೆಟ್‌ಬಾಲ್ ಸೃಷ್ಟಿಸಿದ ವ್ಯಕ್ತಿ ಅಲ್ಲಿಯೇ ಬೋಧಿಸುತ್ತಿರುವುದನ್ನು ತಿಳಿದ ಅವನ ತಂದೆಯು, ನೇರವಾಗಿ ಹೋಗಿ ಅವರನ್ನೇ ಮಾರ್ಗದರ್ಶಕರನ್ನಾಗಿ ಮಾಡಿಕೊಳ್ಳುವಂತೆ ಮಗನಿಗೆ ಹೇಳಿ ಕಳುಹಿಸಿದ್ದರು. ಹುಡುಗ ಹಾಗೆಯೇ ಮಾಡಿದನು. ನೈಸ್ಮಿತ್ ಅವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಆಟದ ತತ್ತ್ವ ಮತ್ತು ತಂತ್ರಗಳೆರಡನ್ನೂ ಕಲಿಸಿದರು. ತಂಡಕ್ಕೆ ಅವನನ್ನು ಸೇರಿಸುವುದು ಮಾತ್ರ ಆಗಲಿಲ್ಲ. ತರಗತಿಯ ಬಾಗಿಲು ತೆರೆದಿತ್ತು, ಅಂಕಣದ ಬಾಗಿಲು ಮುಚ್ಚಿತ್ತು.

ಪದವಿಗೆ ಈಜು ಕಡ್ಡಾಯವಾಗಿತ್ತು. ಕರಿಯ ವಿದ್ಯಾರ್ಥಿಗಳನ್ನು ಕೊಳಕ್ಕೆ ಇಳಿಸದೆಯೇ ತೇರ್ಗಡೆ ಮಾಡಿಬಿಡುವುದು ವಿಶ್ವವಿದ್ಯಾಲಯದ ರೂಢಿ. ಮೆಕ್‌ಲೆಂಡನ್ ಈ ರಿಯಾಯಿತಿಯನ್ನು ಒಪ್ಪದೆ ಕೊಳಕ್ಕಿಳಿದು ಈಜಿದನು. ಆತ ಮೇಲೆ ಬಂದ ಬಳಿಕ ಕೊಳದ ನೀರನ್ನೇ ಹೊರಬಿಡಲಾಯಿತು. ನೈಸ್ಮಿತ್ ಅವರ ಬೆಂಬಲದಿಂದ ಮುಂದೆ ಆ ಕೊಳವು ಎಲ್ಲ ವಿದ್ಯಾರ್ಥಿಗಳಿಗೂ ತೆರೆಯಿತು. 1936ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್ ಅವರಿಗೆ ಅಯೋವ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಅಧ್ಯಯನಕ್ಕೆ ದಾರಿ ಮಾಡಿಕೊಟ್ಟವರೂ ನೈಸ್ಮಿತ್ ಅವರೇ. ಶಿಷ್ಯನೊಬ್ಬನಿಗೆ ಮಾಡಿದ ಈ ನೆರವು ದೊಡ್ಡದು. ಆದರೂ ನೈಸ್ಮಿತ್ ಅವರು ಜೀವಿಸಿದ್ದವರೆಗೆ ವಿಶ್ವವಿದ್ಯಾಲಯದ ತಂಡವು ಬಿಳಿಯರದಾಗಿಯೇ ಉಳಿಯಿತೆಂಬುದನ್ನು ಮರೆಮಾಚುವಂತಿಲ್ಲ. ಅಲ್ಲಿ ಮೊದಲ ಕರಿಯ ಆಟಗಾರನು ಕಾಣಿಸಿಕೊಂಡದ್ದು 1950ರ ದಶಕದ ಆರಂಭದಲ್ಲಿ.

ಮೆಕ್‌ಲೆಂಡನ್ ಅವರು ಉತ್ತರ ಕೆರೊಲಿನ ರಾಜ್ಯದ ಡರ್ಹಮ್‌ನಲ್ಲಿದ್ದ ಕರಿಯರ ಕಾಲೇಜಿನ ತರಬೇತುದಾರರಾಗಿ, ಅಂಕಣದುದ್ದಕ್ಕೂ ವೇಗವಾಗಿ ಓಡುತ್ತ ಆಡುವ ಶೈಲಿಯನ್ನು ಬೆಳೆಸಿದರು. 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ ಊರಿನವರು ಚರ್ಚಿನಲ್ಲಿದ್ದ ವೇಳೆಯನ್ನು ನೋಡಿಕೊಂಡು, ಬಾಗಿಲುಗಳನ್ನು ಭದ್ರಪಡಿಸಿ, ಅವರ ತಂಡವು ಡ್ಯೂಕ್ ವಿಶ್ವವಿದ್ಯಾಲಯದ ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳ ತಂಡವನ್ನು ಎದುರಿಸಿತು. ಬಿಳಿಯರು ಮತ್ತು ಕರಿಯರು ಒಟ್ಟಿಗೆ ಆಡುವುದು ಅಲ್ಲಿ ನಿಷಿದ್ಧವಾಗಿದ್ದುದರಿಂದ ಪಂದ್ಯವನ್ನು ಗುಟ್ಟಾಗಿ ಇಡಲಾಗಿತ್ತು. ಮೆಕ್‌ಲೆಂಡನ್ ಅವರ ತಂಡ 88–44ರಿಂದ ಗೆದ್ದಿತು. ಪಂದ್ಯದ ನಂತರ ಎರಡೂ ಕಡೆಯವರು ಬೆರೆತು ಹೊಸ ತಂಡಗಳನ್ನು ಮಾಡಿಕೊಂಡು ಇನ್ನೊಮ್ಮೆ ಆಡಿದರು. ಅಮೆರಿಕದ ರಾಷ್ಟ್ರೀಯ ವೃತ್ತಿಪರ ಲೀಗ್ ಆದ ಎನ್‌ಬಿಎ ಕರಿಯ ಆಟಗಾರರನ್ನು ಸೇರಿಸಿಕೊಂಡದ್ದು 1950ರಲ್ಲಿ.

ಬರ್ಲಿನ್ ಒಲಿಂಪಿಕ್ಸ್ ಮತ್ತು ಕೊನೆಯ ದಿನಗಳು

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಪದಕದ ಕ್ರೀಡೆಯಾಗಿ ಸೇರ್ಪಡೆಯಾಯಿತು. ಪಯಣದ ವೆಚ್ಚವನ್ನು ಭರಿಸುವ ಶಕ್ತಿ ನೈಸ್ಮಿತ್ ಅವರಿಗಿರಲಿಲ್ಲ. ಫಾರೆಸ್ಟ್ ಅಲೆನ್ ಮತ್ತು ಇತರ ತರಬೇತುದಾರರು ದೇಶದಾದ್ಯಂತ ಪಂದ್ಯಗಳ ಟಿಕೆಟ್ ಹಣದಲ್ಲಿ ಚಿಕ್ಕ ಪಾಲನ್ನು ಎತ್ತಿಟ್ಟು ಅವರನ್ನು ಕಳುಹಿಸಿಕೊಟ್ಟರು. ಪತ್ನಿ ಅಸ್ವಸ್ಥರಾದುದರಿಂದ ಜೊತೆಗೆ ಹೋಗಲಾಗಲಿಲ್ಲ. ಎಸ್ಟೋನಿಯ ಮತ್ತು ಫ್ರಾನ್ಸ್ ನಡುವಿನ ಮೊದಲ ಪಂದ್ಯಕ್ಕೆ ನೈಸ್ಮಿತ್ ಅವರೇ ಚೆಂಡನ್ನು ಮೇಲಕ್ಕೆಸೆದು ಚಾಲನೆ ನೀಡಿದರು. ಒಳಾಂಗಣಕ್ಕೆಂದು ರೂಪಿಸಿದ ಆಟವನ್ನು ಜರ್ಮನರು ಬಯಲಿನ ಮಣ್ಣಿನ ಅಂಕಣಗಳಲ್ಲಿ ಏರ್ಪಡಿಸಿದ್ದರು. ಅಂತಿಮ ಪಂದ್ಯದ ದಿನ ಸುರಿದ ಮಳೆಗೆ ನೆಲವೆಲ್ಲ ಕೆಸರಾಗಿ ಚೆಂಡು ಪುಟಿಯದೆ ಹೋಯಿತು. ಆ ಕೆಸರಿನಲ್ಲಿಯೇ ಅಮೆರಿಕ ತಂಡವು ನೈಸ್ಮಿತ್ ಅವರ ಜನ್ಮಭೂಮಿಯಾದ ಕೆನಡಾವನ್ನು 19–8ರಿಂದ ಸೋಲಿಸಿತು. ಪದಕಗಳನ್ನು ನೈಸ್ಮಿತ್ ಅವರು ಪ್ರದಾನ ಮಾಡಿದರು.

1937ರಲ್ಲಿ ಮಾಡ್ ನಿಧನರಾದರು. ಅದೇ ವರ್ಷ ನೈಸ್ಮಿತ್ ಅವರು ಸುಮಾರು 40 ವರ್ಷಗಳ ಸೇವೆಯಿಂದ ನಿವೃತ್ತರಾದರು. ಪ್ರತಿ ಗೋಲಿನ ನಂತರ ಚೆಂಡನ್ನು ಅಂಕಣದ ನಡುವೆ ಮೇಲಕ್ಕೆಸೆದು ಆಟವನ್ನು ಮರಳಿ ಆರಂಭಿಸುವ ಹಳೆಯ ನಿಯಮವನ್ನು ಆ ಹೊತ್ತಿಗೆ ಕೈಬಿಡಲಾಯಿತು. ಇದು ಅವರಿಗೆ ಸಮ್ಮತವಾಗಿರಲಿಲ್ಲ. 1939ರಲ್ಲಿ ಫ್ಲಾರೆನ್ಸ್ ಕಿಂಕೇಡ್ ಅವರನ್ನು ವಿವಾಹವಾದ ಕೆಲವೇ ತಿಂಗಳುಗಳಲ್ಲಿ, ನವೆಂಬರ್ 28ರಂದು, ಮೆದುಳಿನ ರಕ್ತಸ್ರಾವದಿಂದ ಲಾರೆನ್ಸ್‌ನಲ್ಲಿ ನಿಧನರಾದರು. ಆಟದ ಉಗಮ ಮತ್ತು ಬೆಳವಣಿಗೆಯನ್ನು ಕುರಿತ ಅವರ ಗ್ರಂಥವು ಮರಣಾನಂತರ 1941ರಲ್ಲಿ ಪ್ರಕಟವಾಯಿತು.

ಗೌರವಗಳು

ಬಾಸ್ಕೆಟ್‌ಬಾಲ್‌ನ ಕೀರ್ತಿಭವನಕ್ಕೆ 1959ರಲ್ಲಿ ಆಯ್ಕೆಯಾದ ಮೊದಲ ತಂಡದಲ್ಲಿ ನೈಸ್ಮಿತ್ ಸೇರಿದ್ದಾರೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಆ ಭವನಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಮೆಕ್‌ಲೆಂಡನ್ ಅವರಿಗೂ ಅಲ್ಲಿ 1979ರಲ್ಲಿ ಸ್ಥಾನ ದೊರೆಯಿತು. 13 ನಿಯಮಗಳ ಮೂಲ ಹಾಳೆಗಳು 2010ರಲ್ಲಿ 43 ಲಕ್ಷ ಡಾಲರುಗಳಿಗೂ ಹೆಚ್ಚಿನ ಬೆಲೆಗೆ ಹರಾಜಾದವು. ಆಟದಿಂದ ಹಣ ಮಾಡದ ವ್ಯಕ್ತಿಯ ಎರಡು ಹಾಳೆಗಳಿಗೆ ಬಂದ ಈ ಬೆಲೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಯಿತು. ಕೊಂಡ ಡೇವಿಡ್ ಬೂತ್ ಅವರು ಕಾನ್ಸಾಸ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ, ಮತ್ತು ಹಾಳೆಗಳು ಈಗ ಆ ವಿಶ್ವವಿದ್ಯಾಲಯದಲ್ಲಿಯೇ ಪ್ರದರ್ಶನಕ್ಕಿವೆ.

ಭಾರತ ಮತ್ತು ಕರ್ನಾಟಕದಲ್ಲಿ

ನೈಸ್ಮಿತ್ ಅವರು ಭಾರತಕ್ಕೆ ಬಂದವರಲ್ಲ. ಅವರ ಆಟವನ್ನು ತಂದದ್ದು ವೈಎಂಸಿಎ. 1891ರ ಮೊದಲ ಆಟದಲ್ಲಿ ಆಡಿದ 18 ಜನರಲ್ಲಿ ಒಬ್ಬರಾದ ಡಂಕನ್ ಪ್ಯಾಟನ್ ಅವರು 1894ರ ಸುಮಾರಿಗೆ ಇದನ್ನು ಭಾರತದಲ್ಲಿ ಪರಿಚಯಿಸಿದರೆಂದು ಹೇಳಲಾಗುತ್ತದೆ. ಆಟವು ಶಾಲೆಗಳಿಗೆ ವ್ಯಾಪಕವಾಗಿ ತಲುಪಲು ಶಿಕ್ಷಕರ ತರಬೇತಿ ಅಗತ್ಯವಾಗಿತ್ತು. 1920ರಲ್ಲಿ ಅಮೆರಿಕದ ಹ್ಯಾರಿ ಕ್ರೋ ಬಕ್ ಅವರು ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು; 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತೀಯ ಕ್ರೀಡಾಪಟುಗಳೊಂದಿಗೆ ವ್ಯವಸ್ಥಾಪಕರಾಗಿ ಹೋದವರೂ ಇವರೇ. ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವ ಡ್ರಿಲ್ ಮಾಸ್ತರರ ಕಾಲದಲ್ಲಿ, ಆಟಗಳ ಮೂಲಕವೇ ದೈಹಿಕ ಶಿಕ್ಷಣ ನೀಡಬೇಕೆಂಬ ಸ್ಪ್ರಿಂಗ್‌ಫೀಲ್ಡ್‌ನ ವಿಚಾರವನ್ನು ದಕ್ಷಿಣ ಭಾರತಕ್ಕೆ ತಂದ ಸಂಸ್ಥೆ ಇದು. ಹೈದರಾಬಾದ್‌ನಲ್ಲಿ 1931ರಲ್ಲಿ ಸರ್ಕಾರಿ ದೈಹಿಕ ಶಿಕ್ಷಣ ಕಾಲೇಜು ಆರಂಭವಾಯಿತು.

ಈಗಿನ ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶಗಳು 1956ರವರೆಗೆ ಹೈದರಾಬಾದಿನ ಆಡಳಿತಕ್ಕೂ, ತುಂಗಭದ್ರೆಯ ಆಚೆ ದಂಡೆಯ ಹೊಸಪೇಟೆ ಮತ್ತು ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತಕ್ಕೂ ಸೇರಿದ್ದವು. ಒಂದೇ ನದಿಯ ಎರಡು ದಂಡೆಗಳ ಕನ್ನಡ ಶಾಲೆಗಳು ಹೀಗೆ ಎರಡು ಬೇರೆ ಶಿಕ್ಷಣ ಇಲಾಖೆಗಳ ಅಧೀನದಲ್ಲಿದ್ದವು.

ಪುರುಷರ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಮೊದಲ ಬಾರಿಗೆ 1934ರಲ್ಲಿ ದೆಹಲಿಯಲ್ಲಿ ನಡೆಯಿತು. ಭಾರತೀಯ ಬಾಸ್ಕೆಟ್‌ಬಾಲ್ ಒಕ್ಕೂಟ 1950ರಲ್ಲಿ ರಚನೆಯಾಯಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ತಂಡ ಆಡಿದ್ದು 1980ರ ಮಾಸ್ಕೋ ಕೂಟದಲ್ಲಿ ಮಾತ್ರ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಮಹಿಳಾ ಕಪ್‌ನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ತಂಡವು ಕಝಾಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು.

ಹಲಗೆ, ಬಳೆ ಮತ್ತು ಗಟ್ಟಿ ನೆಲ ಬೇಕಾಗುವ ಬಾಸ್ಕೆಟ್‌ಬಾಲ್ ಕರ್ನಾಟಕದಲ್ಲಿ ಹೆಚ್ಚಾಗಿ ನಗರಗಳ ಆಟವಾಗಿ ಉಳಿಯಿತು. ಎರಡು ಕಂಬ ಮತ್ತು ಒಂದು ಬಲೆಯಿದ್ದರೆ ಮಣ್ಣಿನ ಅಂಗಳದಲ್ಲಿಯೂ ಆಡಬಹುದಾದ ವಾಲಿಬಾಲ್ ಹಳ್ಳಿಗಳಿಗೆ ಹೆಚ್ಚು ಒಗ್ಗಿತು. ಅದರ ಮೂಲವೂ ನೈಸ್ಮಿತ್ ಅವರ ವಲಯವೇ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ವಿಲಿಯಂ ಮಾರ್ಗನ್ ಅವರು ಬಾಸ್ಕೆಟ್‌ಬಾಲ್‌ನ ಓಡಾಟವನ್ನು ತಾಳಲಾರದ ನಡುವಯಸ್ಸಿನ ವ್ಯಾಪಾರಸ್ಥರಿಗೆಂದು 1895ರಲ್ಲಿ ಸಮೀಪದ ಹೋಲಿಯೋಕ್‌ನ ವೈಎಂಸಿಎಯಲ್ಲಿ ಅದನ್ನು ರೂಪಿಸಿದರು.